ಕೊನೆ ಬೋಗಿಯ ಬೋರ್ಡು: ಎಂಟರ್‌ಪ್ರೈಸ್ ಕೋಬಾಲ್ ಬಗ್ಗೆ ನನ್ನ ವಿಮರ್ಶೆ

ಇದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಆರ್ಡರ್ ಮಾಡಿದರೆ ಮನೆ ಬಾಗಿಲಿಗೆ ಬರುವುದೂ ಇಲ್ಲ. ನಾನು ಈ ಸಲ ಎತ್ತಿಕೊಂಡಿರುವುದು ಒಂದು ಕಂಪೈಲರ್, ಅಂದರೆ ನಾವು ಬರೆದ ಪ್ರೋಗ್ರಾಂ ಅನ್ನು ಮೆಷಿನ್ ಭಾಷೆಗೆ ತಿರುಗಿಸುವ ಸಾಧನ. ದೊಡ್ಡ ಸಂಸ್ಥೆಗಳ ಲೆಕ್ಕ ನಡೆಸುವ ಐಬಿಎಂ ಮೇನ್‌ಫ್ರೇಮ್ ಅನ್ನುವ ದೈತ್ಯ ಕಂಪ್ಯೂಟರ್ ಮೇಲೆ ಓಡುವ, ಕೋಬಾಲ್ ಅನ್ನುವ ಹಳೇ ಭಾಷೆಯ ಕಂಪೈಲರ್, ಎಂಟರ್‌ಪ್ರೈಸ್ ಕೋಬಾಲ್. ಮಿಕ್ಸಿ, ಕುಕ್ಕರ್, ಫೋನುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಇಪ್ಪತ್ತು ವರ್ಷ ನಾನು ದಿನಾ ಕೈಯಾಡಿಸಿದ ವಸ್ತು ಇದು. ಇದರ ಬಗ್ಗೆ ನಾನೂ ಬರೆಯದಿದ್ದರೆ ಕನ್ನಡದಲ್ಲಿ ಇನ್ಯಾರು ಬರೀತಾರೆ, ಅಲ್ವಾ?

ಇಡೀ ಕಂಪೈಲರ್ ಬಗ್ಗೆ ಹೇಳಲು ಹೊರಟರೆ ಇವತ್ತಿಗೆ ಮುಗಿಯುವುದಿಲ್ಲ. ಒಂದೇ ವಿಷಯ ಹಿಡಿದು ತೂಗುತ್ತೇನೆ. ಒಂದು ಪ್ರೋಗ್ರಾಂ ಒಂದು ಸಬ್‌ರೂಟೀನನ್ನು, ಅಂದರೆ ಒಂದು ಕೆಲಸ ಮಾಡಿಕೊಡುವ ಇನ್ನೊಂದು ಪ್ರೋಗ್ರಾಂ ಅನ್ನು, ಕರೆಯುತ್ತದೆ. ಕರೆಯುವಾಗ ಕೊಡುವ ಮಾಹಿತಿಗೆ ಪ್ಯಾರಾಮೀಟರ್ ಅಂತಾರೆ. ಒಬ್ಬರು ಮೂರು ಪ್ಯಾರಾಮೀಟರ್ ಕಳಿಸುತ್ತಾರೆ, ಇನ್ನೊಬ್ಬರು ನಾಲ್ಕು, ಮತ್ತೊಬ್ಬರು ಎರಡೇ. ಹೀಗೆ ಲೆಕ್ಕ ಹೆಚ್ಚುಕಮ್ಮಿ ಆದಾಗ ಈ ಕಂಪೈಲರ್ ನಿಮ್ಮ ಕೈ ಹಿಡಿಯುತ್ತದಾ, ಇಲ್ಲ ಕೆರೆಗೆ ತಳ್ಳುತ್ತದಾ? ಇದೇ ವಿಷಯ ಯಾಕೆ ಅಂದರೆ, ನಾನು ಪೆಟ್ಟು ತಿಂದದ್ದು ಇದರಲ್ಲೇ.

ನಾನು ಕೆಲಸಕ್ಕೆ ಸೇರಿದ್ದು 1998ರಲ್ಲಿ, ಬೆಂಗಳೂರಿನಲ್ಲಿ. ವೈಟುಕೆ ಗಲಾಟೆಯ ಕಾಲ. ಎರಡಂಕಿಯ ವರ್ಷವನ್ನು ನಾಲ್ಕಂಕಿ ಮಾಡುವ ಕೆಲಸಕ್ಕೆ ಜನ ಸಾಲುತ್ತಿರಲಿಲ್ಲ. ಕೋಬಾಲ್ ಗೊತ್ತಾ ಅಂತ ಕೇಳಿದರು. ಗೊತ್ತು ಅಂದೆ. ಗೊತ್ತಿರಲಿಲ್ಲ. ಮೂರು ವಾರದಲ್ಲಿ ಕಲಿತೆ. ಕೋಬಾಲ್‌ನ ಒಳ್ಳೇ ಗುಣ ಅದು, ಮೂರು ವಾರದಲ್ಲಿ ಓದಲು ಬರುತ್ತದೆ. ಆಮೇಲೆ ಎಂಟರ್‌ಪ್ರೈಸ್ ಕೋಬಾಲ್ 3ನೇ ಆವೃತ್ತಿಯಿಂದ 6.3ರವರೆಗೆ ಎಲ್ಲದರ ಜೊತೆಗೂ ಸಂಸಾರ ಮಾಡಿದ್ದೇನೆ. ನಡುವೆ ಅಸೆಂಬ್ಲರ್ (ಮೆಷಿನ್‌ಗೆ ತೀರಾ ಹತ್ತಿರದ ಭಾಷೆ) ಕೂಡ ಬರೆದೆ, ನಮ್ಮ ತಂಡದಲ್ಲಿ ಅದನ್ನು ಮುಟ್ಟಲು ಬೇರೆ ಯಾರಿಗೂ ಧೈರ್ಯ ಇರಲಿಲ್ಲ ಅಂತ.

ವಿಷಯಕ್ಕೆ ಬರುವ ಮೊದಲು ಅಪ್ಪನ ಬಗ್ಗೆ ಎರಡು ಮಾತು. ಅವರು ಸ್ಟೇಷನ್ ಮಾಸ್ಟರ್. ಬೀರೂರು ಅರಸೀಕೆರೆ ನಡುವಿನ ಒಂದು ಸಣ್ಣ ಸ್ಟೇಷನ್‌ನಲ್ಲಿ ಬಹಳ ವರ್ಷ ಇದ್ದರು. ಎಕ್ಸ್‌ಪ್ರೆಸ್ ಗಾಡಿಗಳು ಅಲ್ಲಿ ನಿಲ್ಲುತ್ತಿರಲಿಲ್ಲ. ದಡದಡ ಅಂತ ಹೋಗಿಬಿಡುತ್ತಿದ್ದವು. ಅಪ್ಪ ಹಸಿರು ಬಾವುಟ ಹಿಡಿದು ನಿಲ್ಲುತ್ತಿದ್ದರು. ಎಂಜಿನ್ ಕಡೆ ಅವರ ಗಮನ ಜಾಸ್ತಿ ಇರುತ್ತಿರಲಿಲ್ಲ. ಅವರ ಕಣ್ಣೆಲ್ಲ ಕೊನೆಯ ಬೋಗಿ ಮೇಲೆ. ಅದರ ಬೆನ್ನಿಗೆ ದೊಡ್ಡ ಎಕ್ಸ್ ಗುರುತು ಬಳಿದಿರುತ್ತಾರೆ, ಎಲ್‌ವಿ ಅಂತ ಒಂದು ಬೋರ್ಡು ನೇತಾಡುತ್ತಿರುತ್ತದೆ. ರಾತ್ರಿಯಾದರೆ ಕೆಂಪು ದೀಪ. ಎಲ್‌ವಿ ಅಂದರೆ ಲಾಸ್ಟ್ ವೆಹಿಕಲ್. ಅದನ್ನು ಕಣ್ಣಾರೆ ಕಂಡ ಮೇಲೆಯೇ ಹಿಂದಿನ ಸ್ಟೇಷನ್‌ಗೆ 'ಗಾಡಿ ಪೂರ್ತಿ ಬಂತು' ಅಂತ ತಿಳಿಸುತ್ತಿದ್ದರು. ಬೋರ್ಡು ಕಾಣದಿದ್ದರೆ? ಕೊಂಡಿ ಕಳಚಿ ಎರಡು ಬೋಗಿ ದಾರಿಯಲ್ಲೇ ಉಳಿದಿರಬಹುದು. ಅದೇ ಹಳಿಯ ಮೇಲೆ ಇನ್ನೊಂದು ಗಾಡಿ ಬಿಟ್ಟರೆ ಏನಾಗುತ್ತೆ ಅಂತ ಹೇಳಬೇಕಿಲ್ಲ.

ಎಷ್ಟು ಬೋಗಿ ಇವೆ ಅಂತ ಅಪ್ಪ ಎಂದೂ ಎಣಿಸಲಿಲ್ಲ. ಎಣಿಸುವ ಅಗತ್ಯವೇ ಇರಲಿಲ್ಲ. ಕೊನೆಯದು ಯಾವುದು ಅಂತ ಗೊತ್ತಾದರೆ ಸಾಕಿತ್ತು.

ಮೇನ್‌ಫ್ರೇಮ್‌ನಲ್ಲೂ ಅಷ್ಟೇ. ಸಬ್‌ರೂಟೀನ್ ಕರೆಯುವಾಗ ಪ್ಯಾರಾಮೀಟರ್‌ಗಳನ್ನು ನೇರ ಕೈಗೆ ಕೊಡುವುದಿಲ್ಲ. ಅವು ಎಲ್ಲಿವೆ ಅನ್ನುವ ವಿಳಾಸಗಳ ಒಂದು ಪಟ್ಟಿ ಮಾಡುತ್ತಾರೆ. ಒಂದೊಂದು ವಿಳಾಸಕ್ಕೆ 4 ಬೈಟ್, ಅಂದರೆ ಸೊನ್ನೆಯೋ ಒಂದೋ ಆಗುವ 32 ಬಿಟ್. ಆ ಪಟ್ಟಿ ಎಲ್ಲಿ ಶುರುವಾಗುತ್ತದೆ ಅನ್ನುವುದನ್ನು 1ನೇ ರೆಜಿಸ್ಟರ್‌ನಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಡಬ್ಬಿ) ಇಟ್ಟು ಕಳಿಸುತ್ತಾರೆ. ಇಷ್ಟೇ. ಪಟ್ಟಿಯಲ್ಲಿ ಎಷ್ಟು ವಿಳಾಸ ಇವೆ ಅಂತ ಎಲ್ಲೂ ಬರೆದಿರುವುದಿಲ್ಲ. ಬದಲಿಗೆ ಕೊನೆಯ ವಿಳಾಸದ ತಲೆಯ ಮೇಲಿನ ಬಿಟ್ ಅನ್ನು 1 ಮಾಡುತ್ತಾರೆ. ಅದೇ ಕೊನೆ ಬೋಗಿಯ ಬೋರ್ಡು. ಅಸೆಂಬ್ಲರ್‌ನಲ್ಲಿ ಕಾಲ್ ಮ್ಯಾಕ್ರೋ (ಸಬ್‌ರೂಟೀನ್ ಕರೆಯುವ ಸಾಲು) ಬರೆಯುವಾಗ ಈ ಬಿಟ್ ಬೇಕು ಅಂದರೆ ಕೊನೆಗೆ ವಿಎಲ್ ಅಂತ ಸೇರಿಸಬೇಕು. ರೈಲಿನಲ್ಲಿ ಎಲ್‌ವಿ, ಇಲ್ಲಿ ವಿಎಲ್. ಮೊದಲ ಸಲ ಇದನ್ನು ಕಂಡಾಗ ಆಫೀಸಿನಲ್ಲಿ ಒಬ್ಬಳೇ ನಕ್ಕಿದ್ದೆ. ಪಕ್ಕದವರಿಗೆ ಅರ್ಥ ಆಗಲಿಲ್ಲ. (ಇಲ್ಲಿನ ವಿಎಲ್ ಅಂದರೆ ವೇರಿಯಬಲ್ ಲೆಂಗ್ತ್, ಆ ಮಾತು ಬೇರೆ.)

ವಿಳಾಸದೊಳಗೆ ಗುರುತು ಇಡುವ ಈ ಉಪಾಯ ಎಲ್ಲಿಂದ ಬಂತು? ಐಬಿಎಂ ಈ ಮೇನ್‌ಫ್ರೇಮ್‌ಗಳ ಪೂರ್ವಜ ಸಿಸ್ಟಂ/360 ಅನ್ನು ಜಗತ್ತಿಗೆ ತೋರಿಸಿದ್ದು 1964ರ ಏಪ್ರಿಲ್‌ನಲ್ಲಿ. ಆಗ ವಿಳಾಸಕ್ಕೆ ಬೇಕಿದ್ದದ್ದು 24 ಬಿಟ್. ಅಂದರೆ 16 ಎಂಬಿ. ಅವತ್ತಿಗೆ ಅದು ಸಮುದ್ರ ಇದ್ದ ಹಾಗೆ. ಆದರೆ ಇಡುವ ಡಬ್ಬಿ 32 ಬಿಟ್‌ನದು. ಮೇಲಿನ 8 ಬಿಟ್ ಖಾಲಿ. ಖಾಲಿ ಜಾಗ ಕಂಡರೆ ಯಾರು ಬಿಡ್ತಾರೆ? ಗುರುತು ಇಡಲು ಬಳಸಿಕೊಂಡರು. ಮುಂದೆ 1980ರ ದಶಕದಲ್ಲಿ ಎಂವಿಎಸ್/ಎಕ್ಸ್‌ಎ ಅನ್ನುವ ಆಪರೇಟಿಂಗ್ ಸಿಸ್ಟಂ ಬಂದು ವಿಳಾಸ ದೊಡ್ಡದು ಮಾಡಬೇಕಾದಾಗ 32 ಬಿಟ್‌ಗೆ ಹೋಗಲಿಲ್ಲ, 31ಕ್ಕೇ ನಿಂತರು. ಆ ತಲೆಯ ಬಿಟ್ ನಂಬಿಕೊಂಡು ಅಷ್ಟು ಪ್ರೋಗ್ರಾಂಗಳು ಬದುಕುತ್ತಿದ್ದವು. ಅದಾದ ಮೇಲೆ 2000ದಲ್ಲಿ 64 ಬಿಟ್ ಬಂತು. ಆಗ 2 ಜಿಬಿಯಿಂದ 4 ಜಿಬಿವರೆಗಿನ ವಿಳಾಸಗಳನ್ನು ಬೇಲಿ ಹಾಕಿ ಖಾಲಿ ಬಿಟ್ಟರು. ತಲೆಯ ಬಿಟ್ ಹೊತ್ತ ಹಳೇ ವಿಳಾಸ ಯಾವುದಾದರೂ ತಪ್ಪಿ ಒಳಗೆ ಬಂದರೆ ಬೇರೆಯವರ ಮನೆಗೆ ನುಗ್ಗಬಾರದು, ಅಲ್ಲೇ ಸಿಕ್ಕಿಬೀಳಬೇಕು ಅಂತ. ಆ ಬೇಲಿಗೆ 'ಬಾರ್' ಅಂತಲೇ ಹೆಸರು. ಒಂದು ಬಿಟ್‌ನ ಮರ್ಯಾದೆಗೆ ಎರಡು ಜಿಬಿ ಹೊಲ ಬೀಳು ಬಿದ್ದ ಕಥೆ ಇದು.

ಈಗ ಕಂಪೈಲರ್‌ಗೆ ಮೊದಲ ಅಂಕ. ಕರೆಯುವ ಕಡೆ ಎಂಟರ್‌ಪ್ರೈಸ್ ಕೋಬಾಲ್ ನಿಯತ್ತಿನ ಕೆಲಸಗಾರ. ನೀವು ಕೇಳದಿದ್ದರೂ ಕೊನೆಯ ವಿಳಾಸದ ತಲೆಯ ಬಿಟ್ ಹಚ್ಚಿಯೇ ಕಳಿಸುತ್ತದೆ. ಅಸೆಂಬ್ಲರ್‌ನಲ್ಲಿ ವಿಎಲ್ ಬರೆಯಲು ಮರೆತು ಒದ್ದಾಡಿದವರನ್ನು ನಾನು ಬಹಳ ನೋಡಿದ್ದೇನೆ. ಕೋಬಾಲ್‌ನಲ್ಲಿ ಆ ಮರೆವಿಗೆ ಜಾಗವೇ ಇಲ್ಲ. ಬೈ ವ್ಯಾಲ್ಯೂ ಅಂತ ಬರೆದು ವಿಳಾಸದ ಬದಲು ಬೆಲೆಯನ್ನೇ ಕಳಿಸಿದರೆ ಮಾತ್ರ ಈ ಗುರುತಿಗೆ ಅರ್ಥ ಇರುವುದಿಲ್ಲ. ನಾವು ಅದನ್ನು ಸಿ ಭಾಷೆಯ ಜೊತೆ ಮಾತಾಡುವಾಗ ಬಿಟ್ಟರೆ ಬಳಸುತ್ತಿರಲಿಲ್ಲ.

ಇಷ್ಟು ಚೆನ್ನಾಗಿ ಬೋರ್ಡು ಹಾಕಿ ಕಳಿಸಿದ ಗಾಡಿಯನ್ನು ನಾನು ಹೇಗೆ ಹಾಳು ಮಾಡಿದೆ ಅಂತ ಹೇಳ್ತೀನಿ.

2004. ಅಮೆರಿಕದ ಒಂದು ಹಣಕಾಸು ಸಂಸ್ಥೆ ನಮ್ಮ ಗ್ರಾಹಕರು. ಹೆಸರು ಬೇಡ, ತಪ್ಪು ಅವರದ್ದಲ್ಲ. ಅವರ ಹತ್ತಿರ ಹಳೆಯದೊಂದು ಅಸೆಂಬ್ಲರ್ ಸಬ್‌ರೂಟೀನ್ ಇತ್ತು. ತಾರೀಖು ಕೊಡಿ, ಎಷ್ಟು ದಿನ ಅಂತ ಹೇಳಿ, ಅದು ಕೆಲಸದ ದಿನ ಲೆಕ್ಕ ಹಾಕಿ ವಾಪಸ್ ತಾರೀಖು ಕೊಡುತ್ತದೆ. ಮೂರು ಪ್ಯಾರಾಮೀಟರ್. ಇದನ್ನು ಕರೆಯುವ ಕೋಬಾಲ್ ಪ್ರೋಗ್ರಾಂಗಳು ನೂರಕ್ಕೂ ಜಾಸ್ತಿ. ಯಾವ ರಜೆ ಪಟ್ಟಿ ನೋಡಬೇಕು ಅಂತ ಹೇಳುವ ನಾಲ್ಕನೇ ಪ್ಯಾರಾಮೀಟರ್ ಸೇರಿಸಬೇಕು ಅಂತ ಹೊಸ ಬೇಡಿಕೆ ಬಂತು. ಹಳೇ ಪ್ರೋಗ್ರಾಂಗಳನ್ನು ಮುಟ್ಟುವ ಹಾಗಿಲ್ಲ. ಅವು ಮೂರೇ ಕಳಿಸುತ್ತವೆ. ಹೊಸವು ನಾಲ್ಕು ಕಳಿಸುತ್ತವೆ. ನಾಲ್ಕನೆಯದು ಇಲ್ಲದಿದ್ದರೆ ಮಾಮೂಲಿ ರಜೆ ಪಟ್ಟಿ.

ನಾನು ಏನು ಮಾಡಿದೆ? ಪಟ್ಟಿಯ ಶುರುವಿನಿಂದ 12 ಬೈಟ್ ಮುಂದೆ ಹೋದರೆ ನಾಲ್ಕನೇ ವಿಳಾಸ. ಅದನ್ನು ಎತ್ತಿಕೊಂಡೆ. ಸೊನ್ನೆ ಇದ್ದರೆ 'ಕಳಿಸಿಲ್ಲ', ಬೇರೇನಾದರೂ ಇದ್ದರೆ 'ಕಳಿಸಿದ್ದಾರೆ'. ಪರೀಕ್ಷೆ ಮಾಡಿದೆ. ಸೊಗಸಾಗಿ ಓಡಿತು. ಪರೀಕ್ಷೆಗೆ ಅಂತ ನಾನೇ ಬರೆದ ಪುಟ್ಟ ಪ್ರೋಗ್ರಾಂ ಅದು. ಅದರಲ್ಲಿ ಪಟ್ಟಿಯ ಆಚೆ ಜಾಗ ಹೊಸದಾಗಿ ಸೊನ್ನೆಯಾಗಿತ್ತು. ಪ್ರೊಡಕ್ಷನ್‌ನಲ್ಲಿ, ಅಂದರೆ ನಿಜವಾದ ಕೆಲಸ ನಡೆಯುವ ಕಡೆ, ಹಾಗಿರುತ್ತದಾ? ಅಲ್ಲಿ ಒಂದು ಪ್ರೋಗ್ರಾಂ ನನ್ನ ರೂಟೀನ್ ಕರೆಯುವ ಮೊದಲು ಇನ್ನೂ ಹತ್ತು ರೂಟೀನ್ ಕರೆದಿರುತ್ತದೆ. ಆರು ಪ್ಯಾರಾಮೀಟರ್‌ನ ಕರೆ ಮುಗಿದ ಮೇಲೆ ಅದೇ ಜಾಗದಲ್ಲಿ ನನ್ನ ಮೂರು ಬಂದು ಕೂತವು. ನಾಲ್ಕು, ಐದು, ಆರನೆಯವು ಹಾಗೇ ಬಿದ್ದಿದ್ದವು. ಹಿಂದಿನ ಪಂಕ್ತಿಯ ಎಂಜಲೆಲೆ ಎತ್ತದೆ ಮುಂದಿನ ಪಂಕ್ತಿ ಕೂರಿಸಿದ ಹಾಗೆ. ನಾನು ಆ ಎಲೆಯಲ್ಲಿ ಕೈಯಿಟ್ಟೆ.

ಆ ವಿಳಾಸದಲ್ಲಿ ಯಾವುದೋ ಶಾಖೆಯ ಕೋಡ್ ಇತ್ತು. ಅಂಥ ರಜೆ ಪಟ್ಟಿ ನನ್ನ ಹತ್ತಿರ ಇರಲಿಲ್ಲ. ಪಟ್ಟಿ ಸಿಗದಿದ್ದರೆ ರಜೆಯೇ ಇಲ್ಲ ಅಂದುಕೋ ಅಂತ ನಾನೇ ಬರೆದಿದ್ದೆ. ಅದು ಎರಡನೇ ಬುದ್ಧಿವಂತಿಕೆ.

ಮೇನ್‌ಫ್ರೇಮ್ ಜನ ಎಸ್-ಝೀರೋ-ಸಿ-ಫೋರ್ ಅನ್ನುವ ಅಬೆಂಡ್‌ಗೆ (ಪ್ರೋಗ್ರಾಂ ಅರ್ಧಕ್ಕೆ ಕುಸಿಯುವುದಕ್ಕೆ) 'ಸಾಕ್ ಫೋರ್' ಅಂತಾರೆ. ನಿಮ್ಮದಲ್ಲದ ಜಾಗಕ್ಕೆ ಕೈ ಹಾಕಿದರೆ ಬರುವಂಥದ್ದು. ಅಂಕಿ ಇರಬೇಕಾದ ಕಡೆ ಕಸ ಇದ್ದರೆ 'ಸಾಕ್ ಸೆವೆನ್'. ಕನ್ನಡದವರಿಗೆ ಇದು ಕೇಳಲು ಚೆನ್ನಾಗಿದೆ. ಸಾಕಪ್ಪಾ ಸಾಕು ಅಂತ ಮೆಷಿನ್ನೇ ಕೈ ಮುಗಿದ ಹಾಗೆ. ನನಗೆ ಆವತ್ತು ಸಾಕ್ ಫೋರ್ ಬಂದಿದ್ದರೆ ಪುಣ್ಯ. ಜಾಬ್ (ಓಡುತ್ತಿದ್ದ ಕೆಲಸ) ನಿಲ್ಲುತ್ತಿತ್ತು, ಬೈಸಿಕೊಳ್ಳುತ್ತಿದ್ದೆ, ಸರಿಮಾಡುತ್ತಿದ್ದೆ. ಬರಲಿಲ್ಲ. ಆ ವಿಳಾಸ ಕರೆದ ಪ್ರೋಗ್ರಾಂನದೇ ಜಾಗ, ಓದಲು ಯಾವ ಅಡ್ಡಿಯೂ ಇರಲಿಲ್ಲ. ಜಾಬ್ ಸೊನ್ನೆ ರಿಟರ್ನ್ ಕೋಡ್‌ನಲ್ಲಿ, ಅಂದರೆ ಎಲ್ಲ ಸರಿ ಅನ್ನುವ ಗುರುತಿನಲ್ಲಿ, ಹಾಯಾಗಿ ಮುಗಿಯಿತು. ಒಂದು ವಾರ.

ನವೆಂಬರ್ 9, ಮಂಗಳವಾರ. ಪಾವತಿ ದಿನ ನವೆಂಬರ್ 11 ಅಂತ ಅಚ್ಚಾದ ಪಟ್ಟಿ ನೋಡಿ ಅಲ್ಲಿ ಯಾರೋ ಕೇಳಿದರು, ಅವತ್ತು ವೆಟರನ್ಸ್ ಡೇ, ಬ್ಯಾಂಕ್ ರಜೆ ಅಲ್ವಾ ಅಂತ. ನಾನು ದೀಪಾವಳಿಗೆ ಅಂತ ಊರಿಗೆ ಬಂದಿದ್ದೆ. ರಾತ್ರಿ ಹನ್ನೊಂದಕ್ಕೆ ಅಪ್ಪನ ಮನೆಯ ಲ್ಯಾಂಡ್‌ಲೈನ್ ಹೊಡೆದುಕೊಂಡಿತು. ಬೆಳಗಿನ ಮೊದಲ ಗಾಡಿಗೆ ವಾಪಸ್ ಹೊರಟೆ. ಅಪ್ಪ ಸ್ಟೇಷನ್‌ವರೆಗೂ ಬಂದರು. ಆಗ ಅವರು ರಿಟೈರ್ ಆಗಿದ್ದರು.

"ಏನಾಯ್ತು ಪುಟ್ಟಿ?" ಅಂದರು. ಆದಷ್ಟು ಬಿಡಿಸಿ ಹೇಳಿದೆ. ಪಟ್ಟಿ, ಮೂರು ವಿಳಾಸ, ಕೊನೆಯದರ ಮೇಲೆ ಗುರುತು. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬೋರ್ಡು ಇತ್ತಾ?"

"ಇತ್ತಪ್ಪ. ಮೂರನೇದರ ಮೇಲೇ ಇತ್ತು. ನಾನು ನೋಡ್ಲಿಲ್ಲ."

"ಮತ್ತೆ ಗಾಡಿ ಬಂತು ಅಂತ ಯಾಕೆ ಹೇಳ್ದೆ?"

ಮ್ಯಾನೇಜರ್ ಬೈದದ್ದು ಮರೆತುಹೋಗಿದೆ. ಇದು ಮರೆತಿಲ್ಲ.

ಸರಿ ಮಾಡಲು ಹಿಡಿದದ್ದು ಮೂರೇ ಸಾಲು. ವಿಳಾಸ ಲೋಡ್ ಮಾಡು, ಎಲ್‌ಟಿಆರ್ ಅನ್ನುವ ಆಜ್ಞೆ ಹಾಕಿ ಪರೀಕ್ಷಿಸು, ಮೈನಸ್ ಆದರೆ ಅದೇ ಕೊನೆ. ತಲೆಯ ಬಿಟ್ 1 ಆದ ಸಂಖ್ಯೆ ಮೆಷಿನ್ ಕಣ್ಣಿಗೆ ಮೈನಸ್ ಆಗಿ ಕಾಣುತ್ತದೆ. ಎಷ್ಟು ಸೊಗಸಾದ ಏರ್ಪಾಡು ನೋಡಿ. ಒಂದೊಂದೇ ವಿಳಾಸ ದಾಟುತ್ತಾ ಹೋದರೆ ಮೈನಸ್ ಸಿಕ್ಕ ಕೂಡಲೇ ನಿಲ್ಲಬಹುದು. ಆ ಮೂರು ಸಾಲು ಮೊದಲೇ ಬರೆದಿದ್ದರೆ ಆ ಸಲದ ಹೋಳಿಗೆ ತಿಂದಿರುತ್ತಿದ್ದೆ.

ಈಗ ಕಂಪೈಲರ್‌ನ ಇನ್ನೊಂದು ಮುಖ. ಕರೆಯುವ ಕಡೆ ಹೊಗಳಿದೆ. ಕರೆಸಿಕೊಳ್ಳುವ ಕಡೆ? ಅಸೆಂಬ್ಲರ್‌ನಲ್ಲಿ ಮೂರು ಸಾಲಿಗೆ ಆಗುವ ಕೆಲಸಕ್ಕೆ ಕೋಬಾಲ್‌ನಲ್ಲಿ ದಾರಿಯೇ ಇಲ್ಲ. 'ನನಗೆ ಎಷ್ಟು ಪ್ಯಾರಾಮೀಟರ್ ಬಂದವು?' ಅಂತ ಕೋಬಾಲ್ ಪ್ರೋಗ್ರಾಂ ಕೇಳಿದರೆ ಉತ್ತರ ಕೊಡುವ ವಿಶೇಷ ರೆಜಿಸ್ಟರ್ (ಭಾಷೆಯೇ ಬೆಲೆ ತುಂಬಿಕೊಡುವ ಹೆಸರು) ನಾನು ಬಳಸಿದ ಯಾವ ಆವೃತ್ತಿಯಲ್ಲೂ ಇರಲಿಲ್ಲ. ಎರಡೂ ಕಡೆ ಯೂಸಿಂಗ್‌ನಲ್ಲಿ (ಪ್ಯಾರಾಮೀಟರ್‌ಗಳನ್ನು ಬರೆಯುವ ಜಾಗ) ಸಂಖ್ಯೆ ಒಂದೇ ಇರಬೇಕು ಅಂತ ಕೈಪಿಡಿ ಹೇಳುತ್ತದೆ. ಹೇಳಿ ಕೈ ತೊಳೆದುಕೊಳ್ಳುತ್ತದೆ. ಎರಡು ಪ್ರೋಗ್ರಾಂ ಬೇರೆ ಬೇರೆ ಕಂಪೈಲ್ ಆಗುವುದರಿಂದ ಸಂಖ್ಯೆ ತಪ್ಪಿದರೆ ಹಿಡಿಯುವವರು ಯಾರೂ ಇಲ್ಲ. ನನ್ನ ದೊಡ್ಡ ತಕರಾರು ಇದು. ಬೋರ್ಡು ಹಾಕುವುದು ನೀನೇ. ಅದನ್ನು ನೋಡಲು ಒಂದು ಕಿಟಕಿ ಕೊಡಲು ಏನು ಕಷ್ಟ?

ಅದರ ಬದಲು ಕೊಟ್ಟಿರುವುದು ಒಮಿಟೆಡ್ ಅನ್ನುವ ಪದ. ಕಾಲ್ ಬರೆಯುವಾಗ ಬೇಡದ ಪ್ಯಾರಾಮೀಟರ್ ಜಾಗದಲ್ಲಿ ಒಮಿಟೆಡ್ ಅಂತ ಬರೆದರೆ ಆ ವಿಳಾಸ ಸೊನ್ನೆಯಾಗಿ ಹೋಗುತ್ತದೆ. ಬಂದ ಕಡೆ 'ಇಫ್ ಅಡ್ರೆಸ್ ಆಫ್ ರಜೆ-ಪಟ್ಟಿ ಈಕ್ವಲ್ ನಲ್' ಅಂತ, ಅಂದರೆ ವಿಳಾಸ ಖಾಲಿಯಾ ಅಂತ, ಕೇಳಿಕೊಳ್ಳಬಹುದು. ಓದಲು ಚೆಂದ. ಯಾರು ಏನು ಕೊಟ್ಟಿಲ್ಲ ಅನ್ನುವುದು ಕೋಡ್ ನೋಡಿದರೇ ಗೊತ್ತಾಗುತ್ತದೆ. ನಡುವಿನ ಪ್ಯಾರಾಮೀಟರ್ ಕೂಡ ಬಿಡಬಹುದು, ತಲೆಯ ಬಿಟ್ ಒಂದರಿಂದಲೇ ಅದು ಆಗುವುದಿಲ್ಲ. ತಾರೀಖಿಗೆ ಅಂತ ಐಬಿಎಂ ಕೊಟ್ಟಿರುವ ಸಿಇಇಡೇಸ್ ತರಹದ ರೂಟೀನ್‌ಗಳನ್ನು ಕರೆಯುವಾಗ ತಪ್ಪಾಯಿತಾ ಅಂತ ತಿಳಿಸುವ ಕೊನೆಯ ಫೀಡ್‌ಬ್ಯಾಕ್ ಕೋಡ್ ಜಾಗದಲ್ಲಿ ಒಮಿಟೆಡ್ ಹಾಕುವುದು ಮಾಮೂಲು. ಆದರೆ ಹುಷಾರು. ಫೀಡ್‌ಬ್ಯಾಕ್ ಬೇಡ ಅಂದರೆ ತಪ್ಪಾದಾಗ ಅದು ನಿಮಗೆ ಮೆತ್ತಗೆ ಹೇಳುವುದಿಲ್ಲ, ಜಾಬನ್ನೇ ಕೆಡವಬಹುದು.

ಆದರೆ ಹಳೇ ನೂರು ಪ್ರೋಗ್ರಾಂಗಳಲ್ಲಿ ಒಮಿಟೆಡ್ ಯಾರು ಸೇರಿಸುತ್ತಾರೆ? ಎಲ್ಲವನ್ನೂ ತೆರೆದು, ಬರೆದು, ಕಂಪೈಲ್ ಮಾಡಿ, ಪರೀಕ್ಷೆ ಮಾಡಬೇಕು. ಹಳೆಯವರನ್ನು ಮುಟ್ಟದೆ ಹೊಸ ಪ್ಯಾರಾಮೀಟರ್ ಸೇರಿಸುವುದೇ ಈ ಇಡೀ ಕಥೆಯ ಉದ್ದೇಶ ಅಲ್ವಾ? ಅಲ್ಲಿಗೆ ಒಮಿಟೆಡ್ ಮದ್ದಲ್ಲ. ಹೊಸದಾಗಿ ಬರೆಯುವವರಿಗೆ ಮದ್ದು.

ಒಮಿಟೆಡ್‌ನಲ್ಲಿ ಎರಡು ಗುಂಡಿಗಳಿವೆ. ಒಂದು, ಕೊನೆಯ ಪ್ಯಾರಾಮೀಟರ್ ಜಾಗದಲ್ಲಿ ಒಮಿಟೆಡ್ ಹಾಕಿದಾಗಿನದು. ವಿಳಾಸ ಸೊನ್ನೆ, ಅದರ ತಲೆಯ ಮೇಲೆ ಕೊನೆಯ ಗುರುತು. ಆಗ ಪಟ್ಟಿಯಲ್ಲಿ ಕೂರುವುದು ಪೂರ್ತಿ ಸೊನ್ನೆ ಅಲ್ಲ, 8ರ ಮುಂದೆ ಏಳು ಸೊನ್ನೆ. ಕರೆಸಿಕೊಂಡವನು ಅಸೆಂಬ್ಲರ್ ಆಗಿದ್ದು ಬರೀ ಸೊನ್ನೆಯೇ ಅಂತ ನೋಡಿದರೆ 'ಇದೆ' ಅಂದುಕೊಳ್ಳುತ್ತಾನೆ. ನಮ್ಮ ತಂಡಕ್ಕೆ ಗದಗದಿಂದ ಬಂದ ಒಬ್ಬ ಹುಡುಗ ಇದರಲ್ಲಿ ಎರಡು ದಿನ ಕಳೆದ. "ಮೇಡಂ, ಸೊನ್ನೆ ಕಳಿಸಿದ್ರೆ ಸೊನ್ನೆ ಬರ್ತಿಲ್ರೀ" ಅಂತ ಡಂಪ್ (ಮೆಮೊರಿಯಲ್ಲಿದ್ದದ್ದರ ಅಚ್ಚು) ಹಿಡಿದು ಬಂದ. ತಲೆಯ ಬಿಟ್ ಒರೆಸಿ ಆಮೇಲೆ ನೋಡು ಅಂದೆ. ಎರಡನೇ ಗುಂಡಿ, ಕೋಬಾಲ್ ಕಡೆ ನಲ್ ಪರೀಕ್ಷೆ ಮರೆತರೆ ಏನಾಗುತ್ತೆ ಅನ್ನುವುದು. ತಕ್ಷಣ ಸಾಕ್ ಫೋರ್ ಬರುತ್ತೆ ಅಂತ ಎಲ್ಲರೂ ನಂಬಿರುತ್ತಾರೆ. ಮೇನ್‌ಫ್ರೇಮ್‌ನಲ್ಲಿ ಸೊನ್ನೆಯ ವಿಳಾಸದಿಂದ ಬರೆಯಲು ಹೋದರೆ ಬರುತ್ತದೆ, ಓದಲು ಹೋದರೆ ಬರಬೇಕೆಂದಿಲ್ಲ. ಅಲ್ಲಿ ಸಿಸ್ಟಂನ ಸ್ವಂತ ಲೆಕ್ಕಪತ್ರ ಇರುತ್ತದೆ. ಮೊದಲ ಭಾಗ ಓದಲು ತೆರೆದೇ ಇರುತ್ತದೆ. ನೀವು ಅದನ್ನು ರಜೆ ಪಟ್ಟಿ ಅಂದುಕೊಂಡು ಓದುತ್ತೀರಿ. ಮತ್ತೆ ಅದೇ ಎಂಜಲೆಲೆ.

ಬೇರೆಯವರು ಹೇಗೆ ಮಾಡಿದ್ದಾರೆ ಅಂತ ನೋಡಿದರೆ ಕೋಬಾಲ್ ಮೇಲೆ ಇನ್ನೂ ಸಿಟ್ಟು ಬರುತ್ತದೆ. ಅದೇ ಮೆಷಿನ್ ಮೇಲೆ ಅದೇ ಕಂಪನಿಯ ಪಿಎಲ್/ಒನ್ ಭಾಷೆ ಇದೆ. ಅದರಲ್ಲಿ ಪ್ಯಾರಾಮೀಟರ್ ಹೆಸರಿನ ಪಕ್ಕ ಆಪ್ಷನಲ್ ಅಂತ ಬರೆದರೆ ಮುಗಿಯಿತು. ಕರೆಯುವಾಗ ಬೇಡದ ಕಡೆ ಒಂದು ನಕ್ಷತ್ರ ಇಡಿ. ಬಂದಿದೆಯಾ ಇಲ್ಲವಾ ಅಂತ ಕೇಳಲು ಒಳಗೇ ಫಂಕ್ಷನ್ ಇದೆ. ರೆಕ್ಸ್ ಭಾಷೆ ಅಂತೂ ಮಗು ಇದ್ದ ಹಾಗೆ, ಆರ್ಗ್ ಅಂತ ಕೇಳಿದರೆ ಎಷ್ಟು ಬಂದಿವೆ ಅಂತ ಎಣಿಸಿ ಹೇಳುತ್ತದೆ. ಕೋಬಾಲ್‌ಗೂ 2002ರ ಸ್ಟ್ಯಾಂಡರ್ಡ್‌ನಲ್ಲೇ ಆಪ್ಷನಲ್ ಪ್ಯಾರಾಮೀಟರ್ ಇದೆ. ಪುಕ್ಕಟೆ ಸಿಗುವ ಗ್ನೂಕೋಬಾಲ್ ಅದನ್ನು ಮಾಡಿದೆ. ಎಷ್ಟು ಬಂದವು ಅಂತ ಹೇಳಲು ನಂಬರ್-ಆಫ್-ಕಾಲ್-ಪ್ಯಾರಾಮೀಟರ್ಸ್ ಅಂತ ಒಂದು ರೆಜಿಸ್ಟರ್ ಕೂಡ ಅದರಲ್ಲಿದೆ. ದುಡ್ಡು ತೆಗೆದುಕೊಳ್ಳುವವರ ಹತ್ತಿರ ಇಲ್ಲದ್ದು ಬಿಟ್ಟಿ ಕೊಡುವವರ ಹತ್ತಿರ ಇದೆ.

ಕಿಟಕಿ ಇಲ್ಲದ ಮನೆಯಲ್ಲಿ ಜನ ಹೆಂಚು ಸರಿಸಿ ಬೆಳಕು ಮಾಡಿಕೊಳ್ಳುತ್ತಾರೆ. ಹಳೇ ಕೋಬಾಲ್ ಅಂಗಳದಲ್ಲಿ ಅಂಥ ಉಪಾಯ ಬಹಳ ಇವೆ. ಐಎಂಎಸ್ ಡೇಟಾಬೇಸ್ ಕರೆಯುವಾಗ ಮೊದಲ ಪ್ಯಾರಾಮೀಟರ್ ಆಗಿ ಎಷ್ಟು ಪ್ಯಾರಾಮೀಟರ್ ಇವೆ ಅನ್ನುವ ಸಂಖ್ಯೆಯನ್ನೇ ಕಳಿಸಬಹುದು. ಪಿಎಲ್/ಒನ್‌ನಿಂದ ಕರೆದರೆ ಕಳಿಸಲೇಬೇಕು. ಕೋಬಾಲ್‌ನಿಂದಾದರೆ ಇಷ್ಟ. ಅಲ್ಲಿ ಒಂದು ಕರೆಗೆ 15ರವರೆಗೆ ಎಸ್‌ಎಸ್‌ಎ (ಯಾವ ದಾಖಲೆ ಬೇಕು ಅಂತ ಹೇಳುವ ಪ್ಯಾರಾಮೀಟರ್) ಸೇರಿಸಬಹುದು, ಒಂದೂ ಇಲ್ಲದೆಯೂ ಕರೆಯಬಹುದು. ಸಂಖ್ಯೆ ಹೇಳಿಬಿಟ್ಟರೆ ಜಗಳವೇ ಇಲ್ಲ. ಆನ್‌ಲೈನ್ ವ್ಯವಹಾರ ನಡೆಸುವ ಸಿಐಸಿಎಸ್‌ನಲ್ಲಿ ಇಐಬಿಕ್ಯಾಲೆನ್ ಅನ್ನುವ ಸಂಖ್ಯೆ ನೋಡುತ್ತೇವೆ. ಬಂದ ಡೇಟಾ ಎಷ್ಟು ಬೈಟ್ ಅಂತ ಅದು ಹೇಳುತ್ತದೆ, ಸೊನ್ನೆ ಇದ್ದರೆ ಏನೂ ಬಂದಿಲ್ಲ. ಜಾಬ್ ಓಡಿಸಲು ಬರೆಯುವ ಜೆಸಿಎಲ್‌ನಲ್ಲಿ ಪ್ರೋಗ್ರಾಂಗೆ ಕೊಡುವ ಪಾರ್ಮ್ ಕೂಡ ಹಾಗೆಯೇ, ಮೊದಲ ಎರಡು ಬೈಟ್‌ನಲ್ಲಿ ಉದ್ದ, ಆಮೇಲೆ 100 ಅಕ್ಷರದವರೆಗೆ ಮಾತು. ಅದು ಸಾಲದವರಿಗೆ ಈಗ ಪಾರ್ಮ್‌ಡಿಡಿ ಇದೆ.

2004ರ ನಂತರ ನಮ್ಮ ತಂಡದಲ್ಲಿ ನಾನು ಒಂದು ಪದ್ಧತಿ ಹಾಕಿದೆ. ಹೊಸ ಸಬ್‌ರೂಟೀನ್ ಬರೆದರೆ ಪ್ಯಾರಾಮೀಟರ್ ಒಂದೇ. ಅದೊಂದು ದೊಡ್ಡ ಗುಂಪು. ಗುಂಪಿನ ತಲೆಯಲ್ಲಿ ಉದ್ದ ಮತ್ತು ಆವೃತ್ತಿ ಸಂಖ್ಯೆ. ಹೊಸದೇನಾದರೂ ಸೇರಿಸಬೇಕಾದರೆ ಬಾಲಕ್ಕೆ ಸೇರಿಸು, ಆವೃತ್ತಿ ಹೆಚ್ಚಿಸು. ಆವೃತ್ತಿ 1 ಅಂತ ಬಂದರೆ ಬಾಲ ಮುಟ್ಟಬೇಡ. ಚೆಂದವಾಗಿಲ್ಲ, ಗೊತ್ತು. ಆದರೆ ಆಮೇಲೆ ಈ ಕಾರಣಕ್ಕೆ ರಾತ್ರಿ ಫೋನ್ ಬರಲಿಲ್ಲ.

ಇನ್ನೊಂದು ಕಳ್ಳದಾರಿಯೂ ಇದೆ. ಹೇಳದಿರಲು ಮನಸ್ಸು ಬರುತ್ತಿಲ್ಲ. ಕರೆಸಿಕೊಂಡ ಕೋಬಾಲ್ ಪ್ರೋಗ್ರಾಂ ಒಂದು ಪುಟ್ಟ ಅಸೆಂಬ್ಲರ್ ರೂಟೀನನ್ನು ಕರೆಯುತ್ತದೆ. ಆ ರೂಟೀನ್‌ನ 13ನೇ ರೆಜಿಸ್ಟರ್ ಕೋಬಾಲ್‌ನ ಸೇವ್ ಏರಿಯಾ (ರೆಜಿಸ್ಟರ್‌ಗಳನ್ನು ಕಾಪಿಡುವ ಜಾಗ) ತೋರಿಸುತ್ತದೆ. ಅದರ 4ನೇ ಬೈಟ್‌ನಲ್ಲಿ ಅದಕ್ಕೂ ಹಿಂದಿನವನ ಸೇವ್ ಏರಿಯಾ ಎಲ್ಲಿದೆ ಅಂತ ಇರುತ್ತದೆ. ಅಲ್ಲಿಗೆ ಹೋಗಿ 24ನೇ ಬೈಟ್ ನೋಡಿದರೆ ಕೋಬಾಲ್ ಪ್ರೋಗ್ರಾಂಗೆ ಬಂದಾಗಿನ 1ನೇ ರೆಜಿಸ್ಟರ್ ಹಾಗೇ ಕಾದಿರುತ್ತದೆ. ಅಲ್ಲಿಂದ ಪಟ್ಟಿ, ಪಟ್ಟಿಯಿಂದ ಬೋರ್ಡು. ಎಣಿಸಿ ಸಂಖ್ಯೆ ವಾಪಸ್ ಕೊಡಬಹುದು. ಬರೆದೆ, ಓಡಿತು, ಹುಡುಗರು ಭೇಷ್ ಅಂದರು. ಪ್ರೊಡಕ್ಷನ್‌ಗೆ ಹಾಕಲಿಲ್ಲ. ನಾನು ಬಿಟ್ಟ ಮೇಲೆ ಅದನ್ನು ಓದುವವರ ಪಾಡು ನೆನೆದು.

ಹಾಕದಿದ್ದದ್ದು ಒಳ್ಳೆಯದೇ ಆಯಿತು. 6.3ರಲ್ಲಿ ಕೋಬಾಲ್‌ಗೆ 64 ಬಿಟ್ ಬಂತು. ಅಲ್ಲಿ ಕರೆಯುವ ಕ್ರಮವೇ ಬೇರೆ. ಮೊದಲ ಕೆಲವು ಪ್ಯಾರಾಮೀಟರ್ ರೆಜಿಸ್ಟರ್‌ನಲ್ಲೇ ಹೋಗುತ್ತವೆ. ನನ್ನ 13, 4, 24ರ ಮಂತ್ರ ಅಲ್ಲಿ ನಡೆಯುವುದಿಲ್ಲ. ಹಳೇ 31 ಬಿಟ್ ಪ್ರೋಗ್ರಾಂಗಳಿಗೆ ಇದರ ಬಿಸಿ ತಟ್ಟುವುದಿಲ್ಲ. ಅವು ಹಾಗೇ ಓಡುತ್ತವೆ. ಈ ಒಂದು ಮಾತಿಗೆ ಐಬಿಎಂಗೆ ಕೈ ಮುಗಿಯಬೇಕು. ನನಗಿಂತ ವಯಸ್ಸಾದ ಕೋಡ್ ಇವತ್ತೂ ಓಡುವುದನ್ನು ನೋಡಿದ್ದೇನೆ.

ಹಳೆಯದು ಓಡುತ್ತದೆ ಅಂದೆ. ಒಂದು ತಿದ್ದುಪಡಿ. 4.2ರಿಂದ ಮೇಲೆ ಹೋದಾಗ ಸುಮಾರು ಜನ ಅತ್ತರು, ನಾವೂ ಸೇರಿ. 2013ರಲ್ಲಿ ಬಂದ 5ನೇ ಆವೃತ್ತಿಯ ಒಳಗಿನ ಯಂತ್ರವೇ ಹೊಸದು. ವರ್ಕಿಂಗ್ ಸ್ಟೋರೇಜ್ (ಪ್ರೋಗ್ರಾಂ ತನ್ನ ಡೇಟಾ ಇಡುವ ಜಾಗ) ಜೋಡಿಸುವ ರೀತಿ ಬದಲಾಯಿತು. ಕರೆಯುವವನು 10 ಬೈಟ್ ಕೊಟ್ಟಿದ್ದಾನೆ, ಬಂದವನು 12 ಅಂದುಕೊಂಡು ಬರೆಯುತ್ತಾನೆ. ಹಳೇ ಆವೃತ್ತಿಯಲ್ಲಿ ಆ ಎರಡು ಬೈಟ್ ಯಾರಿಗೂ ಬೇಡದ ಜಾಗಕ್ಕೆ ಬೀಳುತ್ತಿತ್ತು. ಹೊಸದರಲ್ಲಿ ಯಾರದೋ ಊಟದ ಮೇಲೆ ಬಿತ್ತು. ತಪ್ಪು ನಮ್ಮದೇ, ಇಪ್ಪತ್ತು ವರ್ಷದಿಂದ ಇತ್ತು. ಇದನ್ನು ಹಿಡಿಯಲು ಆಮೇಲೆ ಪಾರ್ಮ್‌ಚೆಕ್ ಅನ್ನುವ ಆಪ್ಷನ್ ಕೊಟ್ಟರು. ವರ್ಕಿಂಗ್ ಸ್ಟೋರೇಜ್‌ನ ಕೊನೆಗೆ ಒಂದು ಕಾವಲು ಪಟ್ಟಿ ಕಟ್ಟಿ, ಪ್ರತಿ ಕರೆ ಮುಗಿದ ಮೇಲೆ ಅದನ್ನು ಯಾರಾದರೂ ತುಳಿದಿದ್ದಾರಾ ಅಂತ ನೋಡುತ್ತದೆ. ಆ ಜಾಗದ ಕೊನೆಯಲ್ಲಿ ಮಾತ್ರ ನೋಡುತ್ತದೆ, ನಡುವೆ ತುಳಿದರೆ ಗೊತ್ತಾಗುವುದಿಲ್ಲ. ಆದರೂ ಪರೀಕ್ಷೆಯ ಹೊತ್ತಿನಲ್ಲಿ ಹಾಕಿಕೊಳ್ಳಿ. ನಮಗೆ ಮೊದಲ ದಿನವೇ ನಾಲ್ಕು ಕಳ್ಳರು ಸಿಕ್ಕರು.

ಕೈಪಿಡಿಗಳಿಗೆ ಪೂರ್ತಿ ಅಂಕ. ಲ್ಯಾಂಗ್ವೇಜ್ ರೆಫರೆನ್ಸ್, ಪ್ರೋಗ್ರಾಮಿಂಗ್ ಗೈಡ್ ಎರಡೂ ಪಿಡಿಎಫ್ ಆಗಿ ಪುಕ್ಕಟೆ ಸಿಗುತ್ತವೆ. ಬರೆದವರು ತಲೆ ನೆಟ್ಟಗಿಟ್ಟುಕೊಂಡು ಬರೆದಿದ್ದಾರೆ. ಕಂಪೈಲ್ ಲಿಸ್ಟಿಂಗ್ ಕೂಡ ಚೆನ್ನಾಗಿದೆ. ಲಿಸ್ಟ್ ಆಪ್ಷನ್ ಹಾಕಿದರೆ ನಿಮ್ಮ ಒಂದು ಕಾಲ್ ಸಾಲು ಒಳಗೆ ಏನಾಯಿತು ಅಂತ ಅಸೆಂಬ್ಲರ್ ರೂಪದಲ್ಲಿ ಕಾಣುತ್ತದೆ. ತಲೆಯ ಬಿಟ್ ಹಚ್ಚುವ ಸಾಲನ್ನು ಬೆರಳಿಟ್ಟು ತೋರಿಸಬಹುದು. ಹೊಸಬರಿಗೆ ಕಲಿಸುವಾಗ ನಾನು ಮೊದಲು ತೋರಿಸುತ್ತಿದ್ದದ್ದೇ ಅದು.

ಬೆಲೆ? ನಿಮಗೂ ನನಗೂ ಸಂಬಂಧ ಇಲ್ಲದ ಮಾತು. ಕಂಪನಿಗಳು ಲೈಸೆನ್ಸ್ ಕಟ್ಟುತ್ತವೆ, ನಾವು ಟೈಪ್ ಮಾಡುತ್ತೇವೆ.

ಒಟ್ಟು 5ಕ್ಕೆ 3.5 ಕೊಡುತ್ತೇನೆ. ಕರೆಯುವ ಕಡೆಗೆ 5, ಕರೆಸಿಕೊಳ್ಳುವ ಕಡೆಗೆ 2, ಸರಾಸರಿ ನೀವೇ ಮಾಡಿಕೊಳ್ಳಿ. ಹಳೇ ಪ್ರೋಗ್ರಾಂಗಳನ್ನು ಸಾಕುವ ಕೆಲಸಕ್ಕೆ ಸೇರಿದ್ದರೆ ನಿಮಗೆ ಆಯ್ಕೆಯೇ ಇಲ್ಲ, ಇದರ ಜೊತೆ ಬಾಳಬೇಕು. ಬಾಳಬಹುದು, ಕೆಟ್ಟ ಸಂಬಂಧ ಅಲ್ಲ.

ಕೈಯಾಡಿಸಿ ನೋಡುವ ಆಸೆ ಇದ್ದವರಿಗೆ ಎರಡು ದಾರಿ. ಐಬಿಎಂ ಜಡ್ ಎಕ್ಸ್‌ಪ್ಲೋರ್‌ಗೆ ಸೇರಿದರೆ ನಿಜವಾದ ಮೇನ್‌ಫ್ರೇಮ್ ಮೇಲೆ ಕಲಿಯಬಹುದು, ದುಡ್ಡಿಲ್ಲ. ಅದೂ ತಡ ಅನ್ನಿಸಿದರೆ ಲ್ಯಾಪ್‌ಟಾಪ್‌ನಲ್ಲಿ ಗ್ನೂಕೋಬಾಲ್ ಹಾಕಿಕೊಳ್ಳಿ. ಎರಡು ಪ್ರೋಗ್ರಾಂ ಬರೆಯಿರಿ. ಒಂದು ನಾಲ್ಕು ಪ್ಯಾರಾಮೀಟರ್ ಕೇಳಲಿ, ಇನ್ನೊಂದು ಮೂರೇ ಕೊಡಲಿ. ಒಳಗೆ ಹೋದ ತಕ್ಷಣ ಎಷ್ಟು ಬಂದವು ಅಂತ ಡಿಸ್‌ಪ್ಲೇ ಮಾಡಿ. ಮೂರು ಅಂತ ಬಂದಾಗ ನನ್ನ ಹೊಟ್ಟೆ ಉರಿಯುತ್ತದೆ, ಆದರೂ ಮಾಡಿ.

ಅಪ್ಪನಿಗೆ ಈಗ 82. ಬೆಂಗಳೂರಿಗೆ ನನ್ನ ಮನೆಗೆ ಬಂದಾಗ ಮೆಟ್ರೋ ಹತ್ತಿಸಿದೆ. ಇಳಿದ ಮೇಲೆ ಬಾಗಿಲು ಮುಚ್ಚಿ ಗಾಡಿ ಹೊರಟಿತು. ಜನ ಎಸ್ಕಲೇಟರ್ ಕಡೆ ನುಗ್ಗುತ್ತಿದ್ದರು. ಇವರು ಕಂಬ ಹಿಡಿದು ನಿಂತೇ ಇದ್ದರು. ಏನಪ್ಪಾ ಅಂದರೆ, "ತಡಿ, ಕೊನೇದು ಹೋಗ್ಲಿ" ಅಂದರು.